ಹೆಸರು ಅಳಿದ ಹಳೆಯ ಲೇತ್: ಅದರ ಮೂಲವನ್ನು ಪತ್ತೆಹಚ್ಚುವ ಬಗೆ

ಹಳೆಯ ವರ್ಕ್‌ಶಾಪ್‌ಗಳಲ್ಲಿ ಇಂದಿಗೂ ದುಡಿಯುತ್ತಿರುವ ಎಷ್ಟೋ ಲೇತ್‌ಗಳ (ಲೋಹದ ತುಂಡನ್ನು ತಿರುಗಿಸುತ್ತ ಕಡೆಯುವ ಯಂತ್ರಗಳ) ಮೇಲೆ ತಯಾರಕರ ಹೆಸರು ಉಳಿದಿರುವುದಿಲ್ಲ. ಹಿತ್ತಾಳೆಯ ಫಲಕ ಯಾವಾಗಲೋ ಕಳಚಿ ಗುಜರಿಗೆ ಹೋಗಿರುತ್ತದೆ. ಮೇಲಿನ ಶಾಫ್ಟಿನಿಂದ ಬೆಲ್ಟಿನ ಮೂಲಕ ತಿರುಗುತ್ತಿದ್ದ ಯಂತ್ರಕ್ಕೆ ಯಾರೋ ಮೋಟಾರು ಕೂರಿಸಿರುತ್ತಾರೆ, ಮತ್ತೊಬ್ಬರು ಬೇರೆ ಟೇಲ್‌ಸ್ಟಾಕ್ (ತುಂಡಿನ ಬಲತುದಿಗೆ ಆಸರೆ ಕೊಡುವ ಭಾಗ) ಜೋಡಿಸಿರುತ್ತಾರೆ, ಇವೆಲ್ಲದರ ಮೇಲೆ ಹಸಿರು ಬಣ್ಣದ ಹಲವು ಪದರಗಳು ಬಿದ್ದಿರುತ್ತವೆ. ಇಂಥ ಯಂತ್ರಕ್ಕೆ ಹಾಫ್ ನಟ್ (ಉದ್ದ ತಿರುಪನ್ನು ಕಚ್ಚಿ ಹಿಡಿಯುವ ಹೋಳಾದ ನಟ್ಟು) ಸವೆದಾಗ, ಗೇರಿನ ಹಲ್ಲು ಮುರಿದಾಗ ಅಥವಾ ತುಂಡನ್ನು ಹಿಡಿಯುವ ಹೊಸ ಚಕ್‌ಗೆ ಬ್ಯಾಕ್ ಪ್ಲೇಟ್ (ಅದನ್ನು ಯಂತ್ರಕ್ಕೆ ಜೋಡಿಸುವ ತಟ್ಟೆ) ಮಾಡಿಸಬೇಕಾದಾಗ, ಅದು ಎಲ್ಲಿಯದು, ಯಾವ ಅಳತೆಯ ಪದ್ಧತಿಯದು ಎಂಬ ಪ್ರಶ್ನೆ ತಪ್ಪದೆ ಎದುರಾಗುತ್ತದೆ. ಕೊಳ್ಳುವವರಿಗೂ ಮಾರುವವರಿಗೂ ಇದೇ ಪ್ರಶ್ನೆ.

ಈ ಲೇಖನದಲ್ಲಿ ವಿವರಿಸುವ ಕ್ರಮ ಒಂದೇ ನಿಯಮವನ್ನು ಆಧರಿಸಿದೆ. ಯಂತ್ರದ ಯಾವ ಭಾಗವನ್ನು ಬದಲಿಸುವುದು ಎಷ್ಟು ಕಷ್ಟವೋ, ಆ ಭಾಗ ಹೇಳುವ ಮಾತಿಗೆ ಅಷ್ಟು ಬೆಲೆ. ಬೆಡ್ (ಯಂತ್ರದ ಉದ್ದನೆಯ ತಳಹದಿ), ಹೆಡ್‌ಸ್ಟಾಕ್‌ನ (ಎಡತುದಿಯ ಪೆಟ್ಟಿಗೆಯ) ಎರಕ ಮತ್ತು ಸ್ಪಿಂಡಲ್ (ಅದರೊಳಗೆ ಚಕ್ ಹೊತ್ತು ತಿರುಗುವ ದಂಡ) ಇವು ಮೊದಲ ಸಾಲಿನ ಸಾಕ್ಷಿಗಳು. ಸ್ಯಾಡಲ್ (ಉಳಿಯನ್ನು ಹೊತ್ತು ಬೆಡ್ ಮೇಲೆ ಸರಿಯುವ ಭಾಗ), ಏಪ್ರನ್ (ಅದರ ಮುಂದೆ ತೂಗುವ ಪೆಟ್ಟಿಗೆ), ಲೀಡ್ ಸ್ಕ್ರೂ (ಸ್ಯಾಡಲನ್ನು ಸರಿಸುವ ಉದ್ದ ತಿರುಪು) ಎರಡನೆಯ ಸಾಲಿನವು. ಟೇಲ್‌ಸ್ಟಾಕ್, ಚೇಂಜ್ ಗೇರ್‌ಗಳು (ಕಡೆಯುವ ಥ್ರೆಡ್‌ಗೆ ತಕ್ಕಂತೆ ಕೈಯಿಂದ ಬದಲಿಸುವ ಗೇರ್‌ಗಳು), ಕಾಲುಗಳು ಅದರ ನಂತರ. ಮೋಟಾರು, ಸ್ವಿಚ್ಚು, ಚಕ್, ಬಣ್ಣ ಮತ್ತು ತಿರುಪಿನಿಂದ ಕೂರಿಸಿದ ಫಲಕ ಕೊನೆಯಲ್ಲಿ ಬರಬೇಕು. ನಮ್ಮಲ್ಲಿ ಬಹುಪಾಲು ಜನ ಈ ಕ್ರಮವನ್ನು ತಲೆಕೆಳಗು ಮಾಡಿ, ಮೊದಲು ಮೋಟಾರಿನ ಫಲಕವನ್ನು ಓದಿ, ಅದರ ಮೇಲಿರುವ ಊರನ್ನೇ ಲೇತ್‌ನ ಊರೆಂದು ತೀರ್ಮಾನಿಸಿಬಿಡುತ್ತಾರೆ.

ಬಿಚ್ಚುವ ಮೊದಲು

ವಿದ್ಯುತ್ ಸಂಪರ್ಕವನ್ನು ಪೂರ್ತಿ ತೆಗೆದು, ಯಂತ್ರ ಇದ್ದ ಸ್ಥಿತಿಯಲ್ಲೇ ನಾಲ್ಕೂ ಕಡೆಯಿಂದ ಫೋಟೊ ತೆಗೆಯಬೇಕು. ಹೆಡ್‌ಸ್ಟಾಕ್‌ನ ಎಡತುದಿಯ ಗೇರ್‌ಗಳ ಜೋಡಣೆ, ಏಪ್ರನ್‌ನ ಮುಖ, ಬೆಡ್‌ನ ಬಲತುದಿ, ಹಿಂಭಾಗದಲ್ಲಿ ಮೋಟಾರು ಕೂತಿರುವ ಬಗೆ ಇವುಗಳ ಹತ್ತಿರದ ಫೋಟೊ ಬೇಕೇ ಬೇಕು. ನಂತರ ಸೀಮೆಎಣ್ಣೆ ಮತ್ತು ಬಟ್ಟೆಯಿಂದ ಜಿಡ್ಡನ್ನು ಒರೆಸಬೇಕು. ವೈರ್ ಬ್ರಷ್ ಅಥವಾ ಗ್ರೈಂಡರ್ ಹಿಡಿದು ಉಜ್ಜಬಾರದು. ಆಳವಿಲ್ಲದೆ ಗುದ್ದಿದ ಸಂಖ್ಯೆಗಳು ಅದರಲ್ಲಿಯೇ ಹೊರಟುಹೋಗುತ್ತವೆ. ಹಳೆಯ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚಾದ್ದರಿಂದ, ಬಣ್ಣ ಕೆರೆಯಬೇಕಾದಲ್ಲಿ ನೀರು ಹಚ್ಚಿಕೊಂಡೇ ಉಜ್ಜಬೇಕು, ಒಣ ಧೂಳು ಏಳಲು ಬಿಡಬಾರದು.

ಮಾರ್ಪಾಡುಗಳನ್ನು ಬೇರ್ಪಡಿಸುವುದು

ಮೂಲವನ್ನು ಹುಡುಕುವ ಮೊದಲು, ನಂತರ ಸೇರಿದ್ದು ಯಾವುದು ಎಂಬುದನ್ನು ಪಟ್ಟಿ ಮಾಡಬೇಕು. ಕಾರ್ಖಾನೆಯಲ್ಲಿ ಒಂದು ಭಾಗವನ್ನು ಬೆಡ್‌ಗೆ ಜೋಡಿಸುವಾಗ, ಎರಕದಲ್ಲಿಯೇ ಸ್ವಲ್ಪ ಉಬ್ಬಿದ ಒಂದು ಜಾಗವನ್ನು ಬಿಟ್ಟು, ಅದನ್ನು ಸಮತಟ್ಟಾಗಿ ಕಡೆದು, ಅದರ ಮೇಲೆ ಭಾಗವನ್ನು ಕೂರಿಸುತ್ತಾರೆ. ವರ್ಕ್‌ಶಾಪಿನಲ್ಲಿ ಮಾರ್ಪಾಡು ಮಾಡುವವರಿಗೆ ಆ ಅನುಕೂಲ ಇರುವುದಿಲ್ಲ. ಅವರು ಒರಟು ಎರಕದ ಮೇಲೆಯೇ, ಕೆಲವೊಮ್ಮೆ ಬಣ್ಣವನ್ನೂ ಕೆರೆಯದೆ, ತೂತು ಕೊರೆದು ಬೋಲ್ಟು ಹಾಕುತ್ತಾರೆ. ಆದ್ದರಿಂದ ಕಡೆದ ಜಾಗದ ಮೇಲೆ ಕೂತಿರುವುದು ಬಹುಮಟ್ಟಿಗೆ ಮೂಲದ್ದು, ಒರಟು ಮೈಯ ಮೇಲೆ ಕೂತಿರುವುದು ಬಹುಮಟ್ಟಿಗೆ ನಂತರದ್ದು. ಅದೇ ರೀತಿ, ಕಡೆದ ಜಾಗವಿದ್ದು ಅದರ ಮೇಲೆ ಏನೂ ಇಲ್ಲದಿದ್ದರೆ, ಅಲ್ಲಿಂದ ಏನೋ ಹೋಗಿದೆ ಅಥವಾ ಅದೇ ಎರಕವನ್ನು ತಯಾರಕರು ಮತ್ತೊಂದು ಮಾದರಿಗೂ ಬಳಸುತ್ತಿದ್ದರು ಎಂದು ತಿಳಿಯಬೇಕು. ಈ ಖಾಲಿ ಜಾಗಗಳ ಅಳತೆ ಮತ್ತು ತೂತುಗಳ ಅಂತರವನ್ನು ತಪ್ಪದೆ ಬರೆದುಕೊಳ್ಳಿ. ಮಾದರಿಯನ್ನು ಗುರುತಿಸುವಾಗ ಇವು ಬಹಳ ಉಪಯೋಗಕ್ಕೆ ಬರುತ್ತವೆ.

ವೆಲ್ಡಿಂಗ್ ಇನ್ನೊಂದು ಸ್ಪಷ್ಟ ಗುರುತು. ಹಳೆಯ ಲೇತ್‌ನ ಮುಖ್ಯ ಭಾಗಗಳೆಲ್ಲ ಬೀಡು ಕಬ್ಬಿಣದ ಎರಕಗಳು. ಅವುಗಳ ನಡುವೆ ಕೋನ ಕಬ್ಬಿಣ ಅಥವಾ ಪ್ಲೇಟು ಕತ್ತರಿಸಿ ವೆಲ್ಡ್ ಮಾಡಿದ ಚೌಕಟ್ಟು ಕಂಡರೆ ಅದು ನಂತರದ ಕೆಲಸ. ಮೋಟಾರಿನ ಬ್ರಾಕೆಟ್ಟುಗಳಲ್ಲಿ ಇದು ಸಾಮಾನ್ಯ. ಎರಕದ ಮೇಲೆ ಹಿತ್ತಾಳೆಯ ಬಣ್ಣದ ಗೆರೆ ಕಂಡರೆ ಅಲ್ಲಿ ಬಿರುಕು ಬಿಟ್ಟು ಬ್ರೇಜಿಂಗ್ ಮಾಡಿದ್ದಾರೆ, ಅಂದರೆ ಹಿತ್ತಾಳೆ ಕರಗಿಸಿ ಬೆಸೆದಿದ್ದಾರೆ ಎಂದರ್ಥ.

ಸ್ಪಿಂಡಲ್ ಮೇಲಿನ ಕೋನ್ ಪುಲ್ಲಿಯನ್ನು ಕೈಯಿಂದ ಸವರಿ ನೋಡಬೇಕು. ಚಪ್ಪಟೆ ಬೆಲ್ಟಿಗಾಗಿ ಮಾಡಿದ ಪುಲ್ಲಿಯ ಪ್ರತಿ ಮೆಟ್ಟಿಲೂ ನಡುವೆ ಸ್ವಲ್ಪ ಉಬ್ಬಿರುತ್ತದೆ, ಬೆಲ್ಟು ಪಕ್ಕಕ್ಕೆ ಜಾರದಿರಲಿ ಎಂದು. ಆ ಉಬ್ಬು ಇದ್ದರೆ ಯಂತ್ರ ಹುಟ್ಟಿದ್ದು ಚಪ್ಪಟೆ ಬೆಲ್ಟಿಗಾಗಿಯೇ. ಅದೇ ಮೆಟ್ಟಿಲುಗಳಲ್ಲಿ ವಿ ಆಕಾರದ ಕಾಲುವೆ ಕೊರೆದಿದ್ದರೆ, ಅದನ್ನು ವಿ ಬೆಲ್ಟಿಗೆ ಯಾರೋ ಪರಿವರ್ತಿಸಿದ್ದಾರೆ. ಹೀಗೆ ಪರಿವರ್ತನೆಯಾದ ಯಂತ್ರಗಳನ್ನು ನೋಡಿ ಅವು ಮೂಲತಃ ಮೋಟಾರಿನ ಯಂತ್ರಗಳೇ ಎಂದು ಭಾವಿಸಿ, ಅವುಗಳ ವಯಸ್ಸನ್ನು ಇಪ್ಪತ್ತು ಮೂವತ್ತು ವರ್ಷ ಕಡಿಮೆ ಅಂದಾಜು ಮಾಡುವುದು ತೀರಾ ಸಾಮಾನ್ಯ.

ಮಾರ್ಪಾಡು ತಯಾರಕರದೇ ಬಿಡಿಭಾಗಗಳಿಂದ ನಡೆದಿದ್ದರೆ ಅದನ್ನು ಗುರುತಿಸುವುದು ಹೆಚ್ಚು ಕಷ್ಟ. ಅಮೆರಿಕದ ಸೌತ್ ಬೆಂಡ್ ಕಂಪನಿಯ 9 ಇಂಚಿನ ಲೇತ್ ಇದಕ್ಕೆ ಒಳ್ಳೆಯ ಉದಾಹರಣೆ. ಅದರಲ್ಲಿ ಎ, ಬಿ, ಸಿ ಎಂಬ ಮೂರು ಮಾದರಿಗಳಿದ್ದವು. ಎ ಮಾದರಿಗೆ ಕ್ವಿಕ್ ಚೇಂಜ್ ಗೇರ್‌ಬಾಕ್ಸ್ (ಹಿಡಿಕೆ ಸರಿಸಿ ಗೇರ್ ಬದಲಿಸುವ ಪೆಟ್ಟಿಗೆ) ಇತ್ತು. ಬಿ ಮಾದರಿಗೆ ಗೇರ್‌ಬಾಕ್ಸ್ ಇಲ್ಲದಿದ್ದರೂ ಏಪ್ರನ್‌ನಲ್ಲಿ ಪವರ್ ಫೀಡ್ (ಯಂತ್ರದ ಬಲದಿಂದಲೇ ಉಳಿ ಸರಿಯುವ ಏರ್ಪಾಡು) ಇತ್ತು. ಸಿ ಮಾದರಿಯಲ್ಲಿ ಬರೀ ಚೇಂಜ್ ಗೇರ್‌ಗಳು. ಎ ಮತ್ತು ಬಿ ಮಾದರಿಗಳ ಏಪ್ರನ್‌ಗೆ ಶಕ್ತಿ ಬರುವುದು ಲೀಡ್ ಸ್ಕ್ರೂವಿನ ಉದ್ದಕ್ಕೂ ಕೊರೆದ, ಕೀಲಿ ಕೂರುವ ಕಾಲುವೆಯ ಮೂಲಕ. ಸಿ ಮಾದರಿಯ ಲೀಡ್ ಸ್ಕ್ರೂವಿನಲ್ಲಿ ಈ ಕಾಲುವೆ ಇಲ್ಲ. ಆದ್ದರಿಂದ ಗೇರ್‌ಬಾಕ್ಸ್ ಇದ್ದೂ ಲೀಡ್ ಸ್ಕ್ರೂವಿನಲ್ಲಿ ಕಾಲುವೆ ಕಾಣದಿದ್ದರೆ, ಅದು ಸಿ ಮಾದರಿಯಾಗಿ ಹುಟ್ಟಿ ಆಮೇಲೆ ಗೇರ್‌ಬಾಕ್ಸ್ ಪಡೆದ ಯಂತ್ರ ಎನ್ನಲು ಬಲವಾದ ಆಧಾರ ಸಿಕ್ಕಂತಾಯಿತು.

ಎರಕದ ಅಕ್ಷರ, ಗುದ್ದಿದ ಸಂಖ್ಯೆ

ಯಂತ್ರದ ಮೇಲಿನ ಬರಹದಲ್ಲಿ ಎರಡು ಬಗೆ. ಒಂದು, ಎರಕದಲ್ಲಿಯೇ ಉಬ್ಬಿ ಮೂಡಿದ ಅಕ್ಷರ ಮತ್ತು ಸಂಖ್ಯೆಗಳು. ಇವು ಪ್ಯಾಟರ್ನ್‌ನ ಸಂಖ್ಯೆಗಳು, ಅಂದರೆ ಆ ಭಾಗದ ಅಚ್ಚನ್ನು ಗುರುತಿಸಲು ಫೌಂಡ್ರಿಯವರು ಇಟ್ಟುಕೊಂಡವು. ಇನ್ನೊಂದು, ಕಡೆದು ನಯವಾದ ಮೈಯ ಮೇಲೆ ಸುತ್ತಿಗೆಯಿಂದ ಗುದ್ದಿದ ಸಂಖ್ಯೆಗಳು. ಆ ಒಂದು ಯಂತ್ರಕ್ಕೆ ಮಾತ್ರ ಸೇರಿದ ಸೀರಿಯಲ್ ಸಂಖ್ಯೆ ಸಾಮಾನ್ಯವಾಗಿ ಈ ಎರಡನೆಯ ಬಗೆಯದು. ಎರಕದ ಸಂಖ್ಯೆಯನ್ನು ಸೀರಿಯಲ್ ಸಂಖ್ಯೆಯೆಂದು ತಿಳಿದು ತಯಾರಿಕೆಯ ವರ್ಷ ಹುಡುಕಲು ಹೊರಟರೆ ಎಲ್ಲಿಗೂ ತಲುಪುವುದಿಲ್ಲ, ಏಕೆಂದರೆ ಆ ಸಂಖ್ಯೆ ಅದೇ ಮಾದರಿಯ ಸಾವಿರಾರು ಯಂತ್ರಗಳ ಮೇಲಿರುತ್ತದೆ. ಆದರೆ ತಯಾರಕರು ಯಾರು ಎಂಬುದನ್ನು ಹೇಳುವುದು ಎರಕದ ಸಂಖ್ಯೆಯೇ. ಅಮೆರಿಕದ ಕಲಮಜೂ ಊರಿನ ಅಟ್ಲಾಸ್ ಕಂಪನಿಯ ಎರಕಗಳ ಮೇಲೆ, ಲೇತ್‌ನ ಗಾತ್ರವನ್ನು ಸೂಚಿಸುವ ಅಂಕಿ ಮೊದಲು, ಅಡ್ಡಗೆರೆ, ನಂತರ ಭಾಗದ ಸಂಖ್ಯೆ ಎಂಬ ಕ್ರಮ ಕಾಣುತ್ತದೆ. ಬೇರೆ ಬೇರೆ ಭಾಗಗಳ ಮೇಲೆ ಇಂಥ ಒಂದೇ ಕ್ರಮ ಮತ್ತೆ ಮತ್ತೆ ಕಂಡರೆ ಆ ಭಾಗಗಳೆಲ್ಲ ಒಂದೇ ಮನೆಯವು. ಒಂದು ಭಾಗದಲ್ಲಿ ಮಾತ್ರ ಕ್ರಮ ತಪ್ಪಿದ್ದರೆ ಆ ಭಾಗ ಹೊರಗಿನದು.

ಸೀರಿಯಲ್ ಸಂಖ್ಯೆಗೆ ಮೊದಲು ನೋಡಬೇಕಾದ ಜಾಗ ಬೆಡ್‌ನ ಬಲತುದಿ, ಟೇಲ್‌ಸ್ಟಾಕ್ ಇರುವ ಕಡೆ. ಸೌತ್ ಬೆಂಡ್, ಅಟ್ಲಾಸ್, ಇಂಗ್ಲೆಂಡಿನ ಮೈಫೋರ್ಡ್ ಈ ಮೂವರೂ ಅಲ್ಲಿಯೇ ಗುದ್ದುತ್ತಿದ್ದರು. ಮೈಫೋರ್ಡ್‌ನ ಎಂಎಲ್ 7 ಮಾದರಿಯ ಸಂಖ್ಯೆ ಕೆ ಅಕ್ಷರದಿಂದಲೂ ಸೂಪರ್ 7 ಮಾದರಿಯದು ಎಸ್‌ಕೆ ಅಕ್ಷರಗಳಿಂದಲೂ ಆರಂಭವಾಗುತ್ತದೆ. ಟೇಲ್‌ಸ್ಟಾಕನ್ನು ಹೆಡ್‌ಸ್ಟಾಕ್ ಕಡೆಗೆ ತಳ್ಳಿಯೋ ಕೆಳಗಿಳಿಸಿಯೋ ಆ ತುದಿಯನ್ನು ಸ್ವಚ್ಛಗೊಳಿಸಿ, ಟಾರ್ಚನ್ನು ಮೈಗೆ ತಾಗುವಷ್ಟು ಓರೆಯಾಗಿ ಹಿಡಿದರೆ, ನೇರ ಬೆಳಕಿನಲ್ಲಿ ಕಾಣದ ಗುರುತುಗಳೂ ನೆರಳಿನಿಂದ ಎದ್ದು ಕಾಣುತ್ತವೆ. ಇನ್ನೂ ಸ್ಪಷ್ಟವಾಗದಿದ್ದರೆ ಸೀಮೆಸುಣ್ಣವನ್ನು ಅಡ್ಡವಾಗಿ ಉಜ್ಜಿ ಮೇಲಿನದನ್ನು ಅಂಗೈಯಿಂದ ಒರೆಸಿದರೆ, ತಗ್ಗಿನಲ್ಲಿ ಬಿಳಿ ಪುಡಿ ಉಳಿದು ಅಂಕಿಗಳನ್ನು ತೋರಿಸುತ್ತದೆ. ತೆಳು ಕಾಗದ ಇಟ್ಟು ಪೆನ್ಸಿಲಿನಿಂದ ಉಜ್ಜಿ ತೆಗೆದ ಪ್ರತಿ ಫೋಟೊಗಿಂತ ನಂಬಿಕೆಗೆ ಅರ್ಹ ಎಂಬುದು ನನ್ನ ಅಭಿಪ್ರಾಯ. ಮೂರು ಮತ್ತು ಎಂಟರ ನಡುವಿನ ವ್ಯತ್ಯಾಸ ಅದರಲ್ಲಿ ತಪ್ಪುವುದಿಲ್ಲ.

ಬೇರಿಂಗ್‌ಗಳನ್ನು ಹೇಗೂ ಬದಲಿಸಬೇಕಾಗಿ ಬಂದರೆ ಹಳೆಯವನ್ನು ಎಸೆಯುವ ಮೊದಲು ಒರೆಸಿ ನೋಡಿ. ಅಟ್ಲಾಸ್ ಲೇತ್‌ಗಳ ಟಿಮ್‌ಕೆನ್ ಬೇರಿಂಗ್‌ಗಳ ಮೇಲೆ ದಿನಾಂಕ ಕೆತ್ತಿರುವುದು ಎಷ್ಟೋ ಕಡೆ ಸಿಕ್ಕಿದೆ. ಅದು ಮೂಲ ಬೇರಿಂಗ್ ಆಗಿದ್ದರೆ ಯಂತ್ರದ ವಯಸ್ಸಿಗೆ ಅದಕ್ಕಿಂತ ಹತ್ತಿರದ ಸಾಕ್ಷಿ ಬೇರೊಂದಿಲ್ಲ.

ಅಳತೆಗಳು ಹೇಳುವುದು

ಹೆಸರು, ಸಂಖ್ಯೆ ಎಲ್ಲ ಅಳಿಸಿಹೋದರೂ ಅಳತೆ ಉಳಿದಿರುತ್ತದೆ. ಪತ್ತೆಯ ಕೆಲಸದಲ್ಲಿ ಹೆಚ್ಚು ಸಮಯ ಕೊಡಬೇಕಾದದ್ದು ಇಲ್ಲಿಗೇ.

ಮೊದಲು ಬೋಲ್ಟುಗಳು. ಬ್ರಿಟನ್ನಿನಲ್ಲಿ ತಯಾರಾದ ಹಳೆಯ ಯಂತ್ರಗಳಲ್ಲಿ ವಿಟ್‌ವರ್ತ್ ಥ್ರೆಡ್, ಅಮೆರಿಕದವುಗಳಲ್ಲಿ ಅಲ್ಲಿಯ ನ್ಯಾಷನಲ್ ಥ್ರೆಡ್, ಯುರೋಪ್ ಖಂಡದವುಗಳಲ್ಲಿ ಮೆಟ್ರಿಕ್ ಥ್ರೆಡ್ ಇರುತ್ತದೆ. ವಿಟ್‌ವರ್ತ್ ಥ್ರೆಡ್‌ನ ಕೋನ 55 ಡಿಗ್ರಿ, ಉಳಿದ ಎರಡರದು 60 ಡಿಗ್ರಿ. ಕಾಲು ಇಂಚು, ಐದು ಹದಿನಾರನೇ ಒಂದಂಶ, ಮೂರು ಎಂಟನೇ ಒಂದಂಶ ಇಂಚಿನ ಬೋಲ್ಟುಗಳಲ್ಲಿ ಬ್ರಿಟಿಷ್ ಮತ್ತು ಅಮೆರಿಕನ್ ಪದ್ಧತಿಗಳೆರಡರಲ್ಲೂ ಇಂಚಿಗೆ 20, 18, 16 ಥ್ರೆಡ್‌ಗಳೇ ಇರುವುದರಿಂದ, ಆ ಸಣ್ಣ ಬೋಲ್ಟುಗಳನ್ನು ಎಣಿಸಿ ಉಪಯೋಗವಿಲ್ಲ. ಅರ್ಧ ಇಂಚಿನ ಬೋಲ್ಟನ್ನು ಹುಡುಕಬೇಕು. ವಿಟ್‌ವರ್ತ್‌ನಲ್ಲಿ ಅದಕ್ಕೆ ಇಂಚಿಗೆ 12 ಥ್ರೆಡ್, ಅಮೆರಿಕನ್ ಪದ್ಧತಿಯಲ್ಲಿ 13. ಅದರ ಹತ್ತಿರದ ಮೆಟ್ರಿಕ್ ಬೋಲ್ಟಾದ ಎಂ 12ರ ಪಿಚ್ (ಥ್ರೆಡ್‌ನ ಒಂದು ಏಣಿನಿಂದ ಮುಂದಿನದಕ್ಕಿರುವ ದೂರ) 1.75 ಮಿ.ಮೀ. ಹತ್ತು ಪಿಚ್‌ಗಳ ಉದ್ದವನ್ನು ವರ್ನಿಯರ್ ಕ್ಯಾಲಿಪರ್‌ನಿಂದ ಅಳೆದರೆ ಮೆಟ್ರಿಕ್‌ಗೆ 17.5 ಮಿ.ಮೀ., ಅಮೆರಿಕನ್‌ಗೆ ಸುಮಾರು 19.5 ಮಿ.ಮೀ., ವಿಟ್‌ವರ್ತ್‌ಗೆ ಸುಮಾರು 21.2 ಮಿ.ಮೀ. ಬರುತ್ತದೆ. ಸವೆದ ಥ್ರೆಡ್‌ನಲ್ಲಿಯೂ ಈ ವ್ಯತ್ಯಾಸ ಮರೆಯಾಗುವುದಿಲ್ಲ.

ಬೋಲ್ಟಿನ ತಲೆಯ ಅಗಲವನ್ನು ಮಾತ್ರ ನೆಚ್ಚಿಕೊಂಡರೆ ಮೋಸಹೋಗುತ್ತೇವೆ. ಅರ್ಧ ಇಂಚಿನ ಅಮೆರಿಕನ್ ಬೋಲ್ಟಿನ ತಲೆ ಮುಕ್ಕಾಲು ಇಂಚು, ಅಂದರೆ 19.05 ಮಿ.ಮೀ. ಎಂ 12ರ ಹಳೆಯ ಅಳತೆ 19 ಮಿ.ಮೀ. ಒಂದೇ ಸ್ಪ್ಯಾನರ್ ಎರಡಕ್ಕೂ ಕೂರುತ್ತದೆ. ವಿಟ್‌ವರ್ತ್ ಬೋಲ್ಟಿನ ತಲೆ ಮಾತ್ರ ಬೇರೆಯೇ, ಹಳೆಯ ಅರ್ಧ ಇಂಚಿನದು 0.920 ಇಂಚು, ಸುಮಾರು 23.4 ಮಿ.ಮೀ. ನಂತರದ ಕಾಲದಲ್ಲಿ ಬ್ರಿಟನ್ನಿನವರು ತಲೆಯನ್ನು ಒಂದು ಅಳತೆ ಕಿರಿದಾಗಿಸಿ 0.820 ಇಂಚಿಗೆ ಇಳಿಸಿದರು. ಆದ್ದರಿಂದ ದೊಡ್ಡ ತಲೆಯ ವಿಟ್‌ವರ್ತ್ ಬೋಲ್ಟುಗಳೇ ಯಂತ್ರದ ತುಂಬ ಇದ್ದರೆ ಅದು ಹಳೆಯ ಬ್ರಿಟಿಷ್ ಪದ್ಧತಿಯಲ್ಲಿ ಹುಟ್ಟಿದ ಯಂತ್ರ ಎನ್ನಬಹುದು. ಬೋಲ್ಟುಗಳನ್ನು ಬದಲಿಸುವುದು ಸುಲಭ ಎಂಬುದನ್ನು ಇಲ್ಲಿ ಮರೆಯಬಾರದು. ಸಾಕ್ಷಿಯಾಗಿ ಪರಿಗಣಿಸಬೇಕಾದದ್ದು ಬೋಲ್ಟಿನ ಥ್ರೆಡ್‌ಗಿಂತ ಬೆಡ್ ಮತ್ತು ಹೆಡ್‌ಸ್ಟಾಕ್‌ನ ಎರಕದೊಳಗೆ ಟ್ಯಾಪ್ ಮಾಡಿದ (ಒಳಮೈಗೆ ಥ್ರೆಡ್ ಕೊರೆದ) ತೂತಿನ ಥ್ರೆಡ್.

ನಂತರ ಲೀಡ್ ಸ್ಕ್ರೂ. ಸ್ಟೀಲ್ ಸ್ಕೇಲನ್ನು ಅದರ ಉದ್ದಕ್ಕೆ ಹಿಡಿದು ಹತ್ತು ಪಿಚ್ ಅಳೆಯಿರಿ. 63.5 ಮಿ.ಮೀ. ಬಂದರೆ ಇಂಚಿಗೆ ನಾಲ್ಕು ಥ್ರೆಡ್, 60 ಮಿ.ಮೀ. ಬಂದರೆ 6 ಮಿ.ಮೀ. ಪಿಚ್, 31.75 ಬಂದರೆ ಇಂಚಿಗೆ ಎಂಟು. ಚೇಂಜ್ ಗೇರ್‌ಗಳ ನಡುವೆ 127 ಹಲ್ಲಿನ ಒಂದು ದೊಡ್ಡ ಗೇರ್ ಇದ್ದರೆ, ಇಂಚಿನ ಲೀಡ್ ಸ್ಕ್ರೂವಿನಿಂದ ಮೆಟ್ರಿಕ್ ಥ್ರೆಡ್ ಕಡೆಯಲು (ಅಥವಾ ಅದರ ತಿರುವುಮುರುವಾಗಿ) ಅದನ್ನು ಇಟ್ಟಿದ್ದಾರೆ, ಏಕೆಂದರೆ ಐದು ಇಂಚಿಗೆ ಸರಿಯಾಗಿ 127 ಮಿ.ಮೀ. ಭಾರತದಲ್ಲಿ 1956ರ ತೂಕ ಮತ್ತು ಅಳತೆಗಳ ಕಾಯಿದೆಯ ನಂತರ ಮೆಟ್ರಿಕ್ ಪದ್ಧತಿ ಹಂತಹಂತವಾಗಿ ಜಾರಿಯಾದಾಗ, ಇಂಚಿನ ಲೇತ್ ಇಟ್ಟುಕೊಂಡಿದ್ದವರಿಗೆ ಈ ಗೇರ್ ಬೇಕಾಯಿತು. ಹೀಗಾಗಿ ಇದು ಯಂತ್ರದ ಹುಟ್ಟಿಗಿಂತ ಅದರ ಮುಂದಿನ ಬದುಕನ್ನು ತಿಳಿಸುವ ಗುರುತು. ಉಳಿಯನ್ನು ಅಡ್ಡಕ್ಕೆ ಸರಿಸುವ ಕ್ರಾಸ್ ಸ್ಲೈಡ್‌ನ ಡಯಲ್ ಬಗ್ಗೆಯೂ ಇದೇ ಎಚ್ಚರ ಬೇಕು. ಮೆಟ್ರಿಕ್ ಗೆರೆಗಳ ಹೊಸ ಡಯಲ್ ಕೂರಿಸಿ ಒಳಗಿನ ಸ್ಕ್ರೂವನ್ನು ಇಂಚಿನದೇ ಬಿಟ್ಟಿರುವ ಯಂತ್ರಗಳುಂಟು. ಡಯಲ್ ಗೇಜ್ ಇಟ್ಟು ಹಿಡಿಕೆಯನ್ನು ಒಂದು ಸುತ್ತು ತಿರುಗಿಸಿ, ಸ್ಲೈಡ್ ನಿಜವಾಗಿ ಎಷ್ಟು ಸರಿಯುತ್ತದೆ ಎಂದು ನೋಡಿದರೆ ಸತ್ಯ ತಿಳಿಯುತ್ತದೆ.

ಸ್ಪಿಂಡಲ್‌ನ ಮೂತಿ, ಅಂದರೆ ಚಕ್ ಕೂರುವ ತುದಿ, ಅತ್ಯಂತ ಬೆಲೆಯುಳ್ಳ ಅಳತೆ. ಚಕ್ ತೆಗೆದು ಥ್ರೆಡ್‌ನ ವ್ಯಾಸ, ಪಿಚ್ ಮತ್ತು ಒಳಗಿನ ಟೇಪರ್ (ಕ್ರಮೇಣ ಕಿರಿದಾಗುವ ಇಳಿಜಾರು) ಮೂರನ್ನೂ ಅಳೆಯಬೇಕು. ಮೈಫೋರ್ಡ್ ಎಂಎಲ್ 7ರ ಮೂತಿ 1⅛ ಇಂಚು ವ್ಯಾಸ, ಇಂಚಿಗೆ 12 ಥ್ರೆಡ್. ಸೌತ್ ಬೆಂಡ್ 9 ಇಂಚಿನ ಲೇತ್‌ದು ಒಂದೂವರೆ ಇಂಚು ವ್ಯಾಸ, ಇಂಚಿಗೆ 8 ಥ್ರೆಡ್. ಅಟ್ಲಾಸ್‌ನ 10 ಇಂಚಿನ ಲೇತ್‌ದೂ ಅದೇ ಒಂದೂವರೆ, ಅದೇ 8, ಒಳಗಿನ ಟೇಪರ್ ಎರಡರಲ್ಲೂ ಮೋರ್ಸ್ 3 ಎಂಬ ಪ್ರಮಾಣಿತ ಅಳತೆಯದು. ಇಷ್ಟನ್ನೇ ಅಳೆದು ನಿಲ್ಲಿಸಿದರೆ ಎರಡರಲ್ಲಿ ಯಾವುದು ಎಂದು ಹೇಳಲಾಗದು. ಆದರೆ ಬೆಡ್ ನೋಡಿದ ಕೂಡಲೇ ಅನುಮಾನ ಬಗೆಹರಿಯುತ್ತದೆ, ಏಕೆಂದರೆ ಸೌತ್ ಬೆಂಡ್‌ನ ಬೆಡ್ ಮೇಲೆ ತಲೆಕೆಳಗಾದ ವಿ ಆಕಾರದ ಏಣುಗಳಿವೆ, ಅಟ್ಲಾಸ್‌ನ ಬೆಡ್ ಚಪ್ಪಟೆ. ಹೀಗೆ ಪ್ರತಿ ಹಂತದಲ್ಲೂ ಒಂದು ಅಳತೆ ಕೆಲವು ಹೆಸರುಗಳನ್ನು ಉಳಿಸುತ್ತದೆ, ಮುಂದಿನದು ಅವುಗಳಲ್ಲಿ ಕೆಲವನ್ನು ತೆಗೆದುಹಾಕುತ್ತದೆ. ಒಂದೇ ಅಳತೆಯ ಬಲದ ಮೇಲೆ ಹೆಸರು ಹೇಳುವವರ ಮಾತನ್ನು ನಂಬಬೇಡಿ.

ಮೂತಿಯಲ್ಲಿ ಥ್ರೆಡ್ ಇಲ್ಲದೆ ಗಿಡ್ಡ ಟೇಪರ್ ಮತ್ತು ಸುತ್ತಲೂ ಪಿನ್ನು ಕೂರುವ ತೂತುಗಳಿದ್ದರೆ ಅದು ಕ್ಯಾಮ್‌ಲಾಕ್. ಡಿ1-3 ಮತ್ತು ಡಿ1-4 ಅಳತೆಗಳಿಗೆ ಮೂರು ಪಿನ್, ಡಿ1-5 ಮತ್ತು ಡಿ1-6ಕ್ಕೆ ಆರು. ಉದ್ದ ಟೇಪರ್, ಕೀಲಿ ಮತ್ತು ಹಿಂದೆ ತಿರುಗುವ ದೊಡ್ಡ ನಟ್ಟು ಇದ್ದರೆ ಅದು ಎಲ್ ಸರಣಿಯದು.

ಕೊನೆಗೆ, ಬೆಡ್‌ನಿಂದ ಸೆಂಟರ್‌ವರೆಗಿನ (ಸ್ಪಿಂಡಲ್‌ನ ನಡುರೇಖೆಯವರೆಗಿನ) ಎತ್ತರವನ್ನು ಅಳೆಯಬೇಕು. ಬ್ರಿಟನ್ ಮತ್ತು ಯುರೋಪಿನವರು ಲೇತ್‌ನ ಗಾತ್ರವನ್ನು ಈ ಎತ್ತರದಿಂದ ಹೇಳುತ್ತಿದ್ದರು, ಅಮೆರಿಕದವರು ಅದರ ಎರಡರಷ್ಟಾದ ಸ್ವಿಂಗ್‌ನಿಂದ (ಬೆಡ್‌ಗೆ ತಾಗದೆ ತಿರುಗಬಲ್ಲ ತುಂಡಿನ ವ್ಯಾಸದಿಂದ). ಮೈಫೋರ್ಡ್ ಎಂಎಲ್ 7ರ ಎತ್ತರ ಮೂರೂವರೆ ಇಂಚು. ಅಮೆರಿಕದ ಲೆಕ್ಕದಲ್ಲಿ ಅದೇ 7 ಇಂಚಿನ ಲೇತ್ ಆಗುತ್ತದೆ. ನಮ್ಮ ಎಚ್‌ಎಂಟಿ ಯುರೋಪಿನ ಪದ್ಧತಿಯನ್ನು ಅನುಸರಿಸಿತು. ಎಚ್ 22 ಎಂದರೆ 220 ಮಿ.ಮೀ. ಎತ್ತರ, ಎಲ್‌ಬಿ 17 ಎಂದರೆ 170. ಸೋವಿಯತ್ ಯಂತ್ರಗಳ ಹೆಸರಿನಲ್ಲಿಯೂ ಅರ್ಥವಿದೆ. 16ಕೆ20 ಎಂಬುದರಲ್ಲಿ ಮೊದಲಿನ 1 ಲೇತ್‌ಗಳ ಗುಂಪನ್ನು, 6 ಥ್ರೆಡ್ ಕಡೆಯುವ ಲೇತ್ ಎಂಬ ವಿಧವನ್ನು, 20 ಎಂಬುದು 200 ಮಿ.ಮೀ. ಸೆಂಟರ್ ಎತ್ತರವನ್ನು ಸೂಚಿಸುತ್ತದೆ. ಮೂಲ ಮಾದರಿಯ ಸಂಖ್ಯೆಯ ಒಂದು ತುಣುಕು ಸಿಕ್ಕರೂ ಅದನ್ನು ಈ ಎತ್ತರದೊಂದಿಗೆ ಹೋಲಿಸಿ ನೋಡಬೇಕು. ಹೋಲದಿದ್ದರೆ ಎತ್ತರ ಹೆಚ್ಚಿಸಲು ಹೆಡ್‌ಸ್ಟಾಕ್‌ನ ಅಡಿಗೆ ಕಬ್ಬಿಣದ ದಪ್ಪ ಪಟ್ಟಿ ಇಟ್ಟಿದ್ದಾರೆಯೇ ಎಂದು ಪರೀಕ್ಷಿಸಿ. ದೊಡ್ಡ ಕೆಲಸ ಹಿಡಿಸಲು ಹೀಗೆ ಮಾಡುವುದು ಹಳೆಯ ವಾಡಿಕೆ.

ಫಲಕವಿದ್ದರೆ ಅದನ್ನು ಓದುವ ಬಗೆ

ಫಲಕದ ಮೇಲಿನ ಹೆಸರು ತಯಾರಕರದೋ ಮಾರಾಟಗಾರರದೋ ಎಂಬುದನ್ನು ಮೊದಲು ನಿರ್ಧರಿಸಬೇಕು. ಕೊವೆಂಟ್ರಿಯ ಆಲ್‌ಫ್ರೆಡ್ ಹರ್ಬರ್ಟ್ ಕಂಪನಿ ಸ್ವತಃ ಯಂತ್ರ ತಯಾರಿಸುತ್ತಿತ್ತು, ಬೇರೆಯವರ ಯಂತ್ರಗಳನ್ನೂ ಮಾರುತ್ತಿತ್ತು. ಅಂಥ ಹೆಸರನ್ನು ಕಂಡಾಗ ಎರಕದ ಗುರುತುಗಳು ಅದನ್ನು ಒಪ್ಪುತ್ತವೆಯೇ ಎಂದು ನೋಡದೆ ಮುಂದೆ ಹೋಗಬಾರದು.

ವಿಳಾಸದಿಂದ ಕಾಲವನ್ನು ಚೆನ್ನಾಗಿ ತಿಳಿಯಬಹುದು. ಮೈಸೂರು ರಾಜ್ಯ ಎಂದಿದ್ದರೆ ಫಲಕ 1973ರ ನವೆಂಬರ್ 1ಕ್ಕಿಂತ ಹಿಂದಿನದು. ಆರು ಅಂಕಿಗಳ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು. ಪಶ್ಚಿಮ ಜರ್ಮನಿ ಎಂದಿದ್ದರೆ 1949 ಮತ್ತು 1990ರ ನಡುವಿನದು. ಅಮೆರಿಕದ ಯಂತ್ರಗಳ ಮೇಲೆ ಪೇಟೆಂಟ್ ಸಂಖ್ಯೆಗಳು ಇರುವುದುಂಟು. ಆ ದೇಶದ ಹತ್ತು ಲಕ್ಷದ ಸಂಖ್ಯೆಯ ಪೇಟೆಂಟ್ 1911ರಲ್ಲಿ, ಇಪ್ಪತ್ತು ಲಕ್ಷದ್ದು 1935ರಲ್ಲಿ, ಮೂವತ್ತು ಲಕ್ಷದ್ದು 1961ರಲ್ಲಿ ಹೊರಬಂದವು. ಫಲಕದ ಮೇಲಿನ ಅತಿ ದೊಡ್ಡ ಸಂಖ್ಯೆಯನ್ನು ಇವುಗಳ ನಡುವೆ ಇಟ್ಟರೆ, ಯಂತ್ರ ಯಾವ ವರ್ಷಕ್ಕಿಂತ ಹಳೆಯದಾಗಿರಲಾರದು ಎಂಬುದು ತಿಳಿಯುತ್ತದೆ. ವಾರ್ ಪ್ರೊಡಕ್ಷನ್ ಬೋರ್ಡ್ ಎಂಬ ಹೆಸರಿನ ಸಣ್ಣ ಫಲಕವಿದ್ದರೆ ಅದು 1942ರಿಂದ 1945ರ ನಡುವಿನ ಅಮೆರಿಕನ್ ಯಂತ್ರ. ಮೇಲ್ಮುಖವಾದ ಬಾಣದ ಗುರುತು ಬ್ರಿಟಿಷ್ ಸರ್ಕಾರದ, ಮುಖ್ಯವಾಗಿ ಸೇನೆಯ ಆಸ್ತಿಯಾಗಿತ್ತು ಎಂಬುದನ್ನು ಹೇಳುತ್ತದೆ.

ಮೋಟಾರಿನ ಫಲಕವನ್ನು ಕೊನೆಯಲ್ಲಿ ಓದಬೇಕು ಎಂದೆ. ಓದಲೇಬಾರದು ಎಂದಲ್ಲ. ವೇಗ ನಿಮಿಷಕ್ಕೆ 1725 ಸುತ್ತು ಎಂದಿದ್ದರೆ ಅದು 60 ಸೈಕಲ್‌ನ (ಹರ್ಟ್ಜ್‌ನ) ವಿದ್ಯುತ್ತಿನ ಮೋಟಾರು, ಅಮೆರಿಕದ ಕಡೆಯಿಂದ ಬಂದದ್ದು. ನಮ್ಮ 50 ಸೈಕಲ್‌ಗೆ ಅದೇ ಬಗೆಯ ಮೋಟಾರು 1425ರಿಂದ 1440ರವರೆಗೆ ತಿರುಗುತ್ತದೆ. ಇನ್ನೊಂದು ಸಾಧ್ಯತೆಯನ್ನು ಮೈಸೂರು ಸೀಮೆಯವರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಹರಿದ ವಿದ್ಯುತ್ತು 25 ಸೈಕಲ್‌ನದು. ಆ ಸೈಕಲ್ ನಮೂದಾಗಿರುವ ಮೋಟಾರು ಹಳೆಯ ಯಂತ್ರವೊಂದರ ಕೆಳಗೆ ಸಿಕ್ಕರೆ, ಆ ಯಂತ್ರ ಎಲ್ಲಿ ದುಡಿದಿರಬಹುದು ಎಂದು ಊಹಿಸಲು ಒಂದು ಒಳ್ಳೆಯ ದಾರಿ ತೆರೆದಂತೆ.

ನಕಲು ಯಂತ್ರಗಳು

ಹೆಸರಾಂತ ಲೇತ್‌ಗಳ ನಕಲುಗಳು ಜಗತ್ತಿನ ಹಲವೆಡೆ ತಯಾರಾದವು. ಸೌತ್ ಬೆಂಡ್‌ನ 9 ಇಂಚಿನ ಲೇತ್‌ನ್ನು ಆಸ್ಟ್ರೇಲಿಯದ ಅಡಿಲೇಡ್‌ನಲ್ಲಿ ಹರ್ಕಸ್ ಕಂಪನಿ ತನ್ನ ಹೆಸರಿನಲ್ಲಿಯೇ ತಯಾರಿಸಿತು. ಪಂಜಾಬಿನ ಬಟಾಲಾ, ಲೂಧಿಯಾನಾ, ಗುಜರಾತಿನ ರಾಜಕೋಟ್‌ನ ಸಣ್ಣ ಕಾರ್ಖಾನೆಗಳು ನಮ್ಮ ದೇಶದ ಸಾವಿರಾರು ವರ್ಕ್‌ಶಾಪ್‌ಗಳಿಗೆ ಕೈಗೆಟುಕುವ ಬೆಲೆಯಲ್ಲಿ ಲೇತ್ ಒದಗಿಸಿವೆ. ಅವುಗಳಲ್ಲಿ ಹಳೆಯ ವಿದೇಶಿ ವಿನ್ಯಾಸಗಳ ಛಾಯೆ ಕಾಣುವುದು ಸಹಜ. ಅವನ್ನು ಕೀಳಾಗಿ ಕಾಣುವುದು ಸರಿಯಲ್ಲ. ಚಿಕ್ಕ ಊರುಗಳಲ್ಲಿ ಪಂಪ್‌ಸೆಟ್ಟು, ಟ್ರಾಕ್ಟರುಗಳ ದುರಸ್ತಿಯನ್ನು ಹೊತ್ತು ನಿಂತದ್ದು ಇಂಥವೇ ಯಂತ್ರಗಳು. ಆದರೆ ಮೂಲ ಯಂತ್ರದ ಬಿಡಿಭಾಗ ಇದಕ್ಕೆ ಕೂರದೆ ಹೋಗಬಹುದಾದ್ದರಿಂದ ವ್ಯತ್ಯಾಸ ತಿಳಿಯುವುದು ಅಗತ್ಯ.

ಇದಕ್ಕೊಂದು ಖಚಿತವಾದ ಪರೀಕ್ಷೆಯಿದೆ. ಬೀಡು ಕಬ್ಬಿಣ ಕರಗಿದ ಸ್ಥಿತಿಯಿಂದ ತಣ್ಣಗಾಗುವಾಗ ಸುಮಾರು ನೂರಕ್ಕೆ ಒಂದರಷ್ಟು ಕುಗ್ಗುತ್ತದೆ. ಕ್ರಮಬದ್ಧವಾಗಿ ಮಾಡಿದ ಪ್ಯಾಟರ್ನ್‌ನಲ್ಲಿ ಆ ಕುಗ್ಗುವಿಕೆಗೆ ಅವಕಾಶ ಬಿಟ್ಟಿರುತ್ತಾರೆ. ಸಿದ್ಧ ಯಂತ್ರದ ಭಾಗವನ್ನೇ ಮರಳಿನಲ್ಲಿ ಒತ್ತಿ ಅಚ್ಚು ತೆಗೆದು ಎರಕ ಹೊಯ್ದರೆ, ಹೊಸ ಎರಕ ಮೂಲಕ್ಕಿಂತ ಅಷ್ಟು ಚಿಕ್ಕದಾಗುತ್ತದೆ. ಕಡೆದ ಮೈಗಳನ್ನು ಬೇಕಾದ ಅಳತೆಗೆ ತರಬಹುದು, ಕಡೆಯದೆ ಬಿಟ್ಟ ಒರಟು ಮೈಯ ಅಳತೆಯನ್ನು ಮರೆಮಾಚಲಾಗದು. ಆದ್ದರಿಂದ ನಿಜವಾದ ಮಾದರಿಯೊಂದು ಎಲ್ಲಾದರೂ ಅಳೆಯಲು ಸಿಕ್ಕರೆ, ಕಾಲಿನ ಹೊರ ಅಗಲ, ಬೆಡ್‌ನ ಅಡ್ಡಪಟ್ಟಿಗಳ ನಡುವಿನ ಅಂತರ ಇಂಥ ಒರಟು ಅಳತೆಗಳನ್ನು ಎರಡರಲ್ಲೂ ತೆಗೆದು ಹೋಲಿಸಿ. 400 ಮಿ.ಮೀ. ಇರಬೇಕಾದಲ್ಲಿ 396 ಬಂದು, ಇನ್ನೂ ಮೂರು ನಾಲ್ಕು ಕಡೆ ಇದೇ ಪ್ರಮಾಣದ ಕೊರತೆ ಕಂಡರೆ, ಅದು ಎರಕದಿಂದ ತೆಗೆದ ಎರಕ. ಮೂಲದಲ್ಲಿ ತಯಾರಕರ ಹೆಸರು ಉಬ್ಬಿರುವ ಜಾಗದಲ್ಲಿ ಇದರ ಮೇಲೆ ಅಸಹಜವಾದ ಚಪ್ಪಟೆ ತೇಪೆಯೊಂದು ಕಾಣುತ್ತದೆಯೇ ಎಂಬುದನ್ನೂ ನೋಡಬೇಕು. ಅಚ್ಚು ತೆಗೆಯುವ ಮೊದಲು ಹೆಸರನ್ನು ತುಂಬಿಯೋ ಉಜ್ಜಿಯೋ ಮುಚ್ಚಿರುತ್ತಾರೆ.

ಪರವಾನಗಿ ಪಡೆದು ಮಾಡಿದ ಯಂತ್ರಗಳು ಬೇರೆಯೇ ವರ್ಗ. 1953ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಎಚ್‌ಎಂಟಿ, ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಹಯೋಗದಲ್ಲಿ ಎಚ್ 22 ಲೇತ್‌ನಿಂದ ತನ್ನ ತಯಾರಿಕೆ ಆರಂಭಿಸಿತು. ಮಿಲ್ಲಿಂಗ್ ಯಂತ್ರಗಳಿಗೆ ಜರ್ಮನಿಯ ಫ್ರಿಟ್ಜ್ ವರ್ನರ್, ರೇಡಿಯಲ್ ಡ್ರಿಲ್ಲಿಂಗ್ ಯಂತ್ರಗಳಿಗೆ ಅದೇ ದೇಶದ ಕೋಲ್ಬ್ ಕಂಪನಿಗಳ ಜೊತೆ ಒಪ್ಪಂದ ಇತ್ತು. ಆದ್ದರಿಂದ ಫಲಕವಿಲ್ಲದ ಎಚ್‌ಎಂಟಿ ಯಂತ್ರವನ್ನು ಯುರೋಪಿನದೆಂದೂ, ಯುರೋಪಿನದನ್ನು ಎಚ್‌ಎಂಟಿಯದೆಂದೂ ತಿಳಿಯುವುದು ಸಾಧ್ಯ. ಇಲ್ಲಿ ಅಳತೆ ನೆರವಾಗುವುದಿಲ್ಲ. ಎರಕದ ಗುರುತುಗಳು, ಹಿಡಿಕೆಗಳ ಪಕ್ಕದ ಸೂಚನಾ ಫಲಕಗಳ ಭಾಷೆ, ಒಳಗಿನ ಬೇರಿಂಗ್‌ಗಳ ತಯಾರಕರ ಹೆಸರು ಇವನ್ನು ನೋಡಿ ನಿರ್ಧರಿಸಬೇಕು.

ಯಂತ್ರ ನಿಮ್ಮಲ್ಲಿಗೆ ಬಂದ ದಾರಿ

ಮಾರಿದವರನ್ನು, ಅವರಿಗೆ ಮಾರಿದವರನ್ನು ಕೇಳುತ್ತ ಹಿಂದಕ್ಕೆ ಹೋಗುವುದು ಅಳತೆಯಷ್ಟೇ ಮುಖ್ಯವಾದ ಹಂತ. ಕರ್ನಾಟಕದಲ್ಲಿ ಹಳೆಯ ಯಂತ್ರಗಳು ಹೊರಬಂದ ಕೆಲವು ದೊಡ್ಡ ಬಾಗಿಲುಗಳಿವೆ. ಕೋಲಾರದ ಗಣಿಗಳನ್ನು ನಡೆಸಿದ್ದು ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಬ್ರಿಟಿಷ್ ಸಂಸ್ಥೆಯಾದ್ದರಿಂದ ಅಲ್ಲಿಯ ವರ್ಕ್‌ಶಾಪ್‌ಗಳಿಗೆ ಬ್ರಿಟಿಷ್ ಯಂತ್ರಗಳು ಬಂದಿರುವುದು ಸ್ವಾಭಾವಿಕ. ಹುಬ್ಬಳ್ಳಿ ಮತ್ತು ಮೈಸೂರಿನ ರೈಲ್ವೆ ವರ್ಕ್‌ಶಾಪ್‌ಗಳ ವಿಷಯವೂ ಹಾಗೆಯೇ. 1940ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಯುದ್ಧದ ಕಾಲದಲ್ಲಿ ಅಮೆರಿಕದ ವಿಮಾನಗಳ ದುರಸ್ತಿ ಕೇಂದ್ರವಾಗಿತ್ತು, ಹಾಗಾಗಿ ಯುದ್ಧಕಾಲದ ಅಮೆರಿಕನ್ ಲೇತ್ ಬೆಂಗಳೂರಿನಲ್ಲಿ ಸಿಕ್ಕರೆ ಅಚ್ಚರಿಪಡಬೇಕಿಲ್ಲ. 1941ರಲ್ಲಿ ಹರಿಹರದಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್‌ನ ಲೇತ್‌ಗಳಂತೂ ಐಟಿಐ ಮತ್ತು ಪಾಲಿಟೆಕ್ನಿಕ್‌ಗಳ ಮೂಲಕ ನಾಡಿನ ಮೂಲೆ ಮೂಲೆಗೆ ತಲುಪಿವೆ.

ಕಾರ್ಖಾನೆಗಳು ತಮ್ಮ ಆಸ್ತಿಯ ಪಟ್ಟಿಗಾಗಿ ಯಂತ್ರಗಳ ಮೇಲೆ ತಮ್ಮದೇ ಸಂಖ್ಯೆ ಬರೆಯುವುದು ವಾಡಿಕೆ. ಹೆಡ್‌ಸ್ಟಾಕ್‌ನ ಮುಂಭಾಗದಲ್ಲಿ ಬಣ್ಣದಿಂದ ಬರೆದ ಅಥವಾ ವೆಲ್ಡಿಂಗ್ ರಾಡಿನಿಂದ ಗೀಚಿದ ಸಂಖ್ಯೆ ಅಂಥದ್ದು. ಅದು ಸೀರಿಯಲ್ ಸಂಖ್ಯೆಯಲ್ಲ, ಆದರೆ ಯಾವ ಬಾಗಿಲಿನಿಂದ ಹೊರಬಂತು ಎಂದು ಹೇಳಬಲ್ಲದು. ಬಣ್ಣದ ಪದರಗಳನ್ನು ನೀರುಕಾಗದದಿಂದ ನಾಣ್ಯದಷ್ಟು ಅಗಲ ಉಜ್ಜಿದರೆ ಒಂದರೊಳಗೊಂದು ಬಳೆಗಳಂತೆ ಪದರಗಳು ತೋರುತ್ತವೆ. ಯಂತ್ರ ಎಷ್ಟು ಸಲ ಕೈ ಬದಲಾಯಿಸಿದೆ ಎಂಬ ಅಂದಾಜು ಅದರಿಂದ ಸಿಗುತ್ತದೆ, ಕೆಲವೊಮ್ಮೆ ನಡುವಿನ ಪದರದಲ್ಲಿ ಹಳೆಯ ಮಾಲೀಕರ ಅಕ್ಷರಗಳೂ ಸಿಗುತ್ತವೆ. ಆ ಕಾರ್ಖಾನೆಯಿಂದ ನಿವೃತ್ತರಾದ ಟರ್ನರ್ ಅಥವಾ ಫಿಟ್ಟರ್ ಒಬ್ಬರು ಸಿಕ್ಕರೆ ಅವರನ್ನು ಕರೆತಂದು ಯಂತ್ರವನ್ನು ತೋರಿಸಿ. ಯಾವ ಗೇರ್ ಯಾವಾಗ ಮುರಿಯಿತು, ಅದನ್ನು ಎಲ್ಲಿ ಕಡೆಸಿದರು ಎಂಬುದನ್ನು ಅವರು ಹೇಳುವಷ್ಟು ನಿಖರವಾಗಿ ಯಾವ ಕಡತವೂ ಹೇಳುವುದಿಲ್ಲ. ಅವರು ಹೇಳಿದ್ದನ್ನು ಆಗಲೇ ಬರೆದಿಟ್ಟುಕೊಳ್ಳುವುದು ನಮ್ಮ ಹೊಣೆ.

ತೀರ್ಮಾನವನ್ನು ಬರೆಯುವ ರೀತಿ

ಇಡೀ ಯಂತ್ರಕ್ಕೆ ಒಂದೇ ಹೆಸರು ಕೊಡುವ ಆತುರ ಬೇಡ. ಪ್ರತಿ ಭಾಗಕ್ಕೂ ಒಂದು ಸಾಲು ಬರೆಯಿರಿ. ಬೆಡ್: ಇಂಥ ತಯಾರಕರದು, ಆಧಾರ ಎರಕದ ಸಂಖ್ಯೆ ಮತ್ತು ಏಣಿನ ಆಕಾರ, ಖಚಿತ. ಹೆಡ್‌ಸ್ಟಾಕ್: ಅದೇ ತಯಾರಕರದು, ಆಧಾರ ಸ್ಪಿಂಡಲ್‌ನ ಮೂತಿ, ಬಹುಮಟ್ಟಿಗೆ ಖಚಿತ. ಟೇಲ್‌ಸ್ಟಾಕ್: ಬೇರೆ ಯಂತ್ರದ್ದು, ಅಡಿಯಲ್ಲಿ ಪಟ್ಟಿ ಸೇರಿಸಿ ಎತ್ತರ ಹೊಂದಿಸಿದೆ, ಮೂಲ ಗೊತ್ತಿಲ್ಲ. ಹೀಗೆ ಬರೆದಾಗ ಯಾವ ತೀರ್ಮಾನ ಯಾವ ಆಧಾರದ ಮೇಲೆ ನಿಂತಿದೆ ಎಂಬುದು ಓದಿದವರಿಗೆಲ್ಲ ಕಾಣುತ್ತದೆ, ಮುಂದೆ ಹೊಸ ಸುಳಿವು ಸಿಕ್ಕಾಗ ತಿದ್ದುವುದೂ ಸುಲಭವಾಗುತ್ತದೆ.

ತಯಾರಕರ ಹೆಸರು ಖಚಿತವಾದ ಮೇಲೂ ಬಿಡಿಭಾಗ ತರಿಸುವಾಗ ಹೆಸರಿನ ಜೊತೆಗೆ ನಿಮ್ಮ ಯಂತ್ರದಲ್ಲಿ ಅಳೆದ ಅಳತೆಯನ್ನೂ ಕಳಿಸಬೇಕು, ಏಕೆಂದರೆ ಮಾರ್ಪಾಡಾದ ಯಂತ್ರದಲ್ಲಿ ಕ್ಯಾಟಲಾಗ್‌ನ ಭಾಗ ಕೂರುತ್ತದೆ ಎಂಬ ಭರವಸೆ ಇಲ್ಲ. ಕಳಚಿದ ಹಳೆಯ ಭಾಗಗಳಿಗೆ ಚೀಟಿ ಕಟ್ಟಿ ಎತ್ತಿಡಬೇಕು. ಹೊಸ ಬಣ್ಣ ಬಳಿಯುವ ದಿನ ಬಂದಾಗ ಬೆಡ್‌ನ ತುದಿಯ ಸೀರಿಯಲ್ ಸಂಖ್ಯೆ, ಎರಕದ ಅಕ್ಷರಗಳು ಮತ್ತು ಹಳೆಯ ಕಾರ್ಖಾನೆಯ ಆಸ್ತಿ ಸಂಖ್ಯೆಯ ಮೇಲೆ ಮೊದಲು ಟೇಪ್ ಅಂಟಿಸಿ, ಪುಟ್ಟಿ ಮತ್ತು ಬಣ್ಣ ಅಲ್ಲಿಗೆ ತಗುಲದಂತೆ ನೋಡಿಕೊಳ್ಳಬೇಕು.